ಮೀಟರ್ ನೋಡಿ ಮದುವೆಯಾಗೋರು

"ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು, 2014ರ ಮಾಡೆಲ್, ಬರೀ 58 ಸಾವಿರ ಕಿಲೋಮೀಟರ್." ಹಳೇ ಎಸ್‌ಯುವಿ ಮಾರೋ ಯಾವ ಜಾಹೀರಾತು ತೆಗೆದರೂ ಈ ಡಾಕ್ಟ್ರು ಇದ್ದೇ ಇರ್ತಾರೆ. ಇಷ್ಟೊಂದು ಡಾಕ್ಟ್ರು ನಿಜವಾಗ್ಲೂ ಇದ್ದಿದ್ರೆ ಸರ್ಕಾರಿ ಆಸ್ಪತ್ರೆ ಮುಂದೆ ಬೆಳಗ್ಗೆ ಐದಕ್ಕೇ ಕ್ಯೂ ಯಾಕೆ ನಿಲ್ತಿತ್ತು? ಹೋಗಲಿ, ಲೆಕ್ಕವನ್ನಾದ್ರೂ ನೋಡಿ. ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಏಳು ಸೀಟಿನ ಡೀಸೆಲ್ ಗಾಡಿ ತಗೊಂಡವನು ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಕೂಡ ಓಡಿಸದೆ ಅದನ್ನು ತುಳಸಿಕಟ್ಟೆ ಪಕ್ಕ ನಿಲ್ಲಿಸಿ ಪೂಜೆ ಮಾಡ್ತಿದ್ನಾ?

ಮೀಟರ್ ತಿರುಗಿಸೋ ದಲ್ಲಾಳಿಯನ್ನು ಬೈಯೋದು ಸುಲಭ. ಅವನನ್ನು ಎಲ್ಲರೂ ಬೈದಾಗಿದೆ. ನನ್ನ ಜಗಳ ಇರೋದು ಕೊಳ್ಳೋಕೆ ಹೋಗೋ ನಮ್ಮ ಜತೆ, ಅಂದ್ರೆ ಹೆಬ್ಬಾಳದ ಫ್ಲೈಓವರ್ ಈಚೆ ಕೂತು, ಫಿಲ್ಟರ್‌ನಲ್ಲಿ "80 ಸಾವಿರಕ್ಕಿಂತ ಕಡಿಮೆ" ಅಂತ ಟಿಕ್ ಮಾಡಿ, ಆಮೇಲೆ ಶನಿವಾರ ದೇವನಹಳ್ಳಿ, ಹೊಸಕೋಟೆ ಕಡೆ ಗಾಡಿ ನೋಡೋಕೆ ಹೊರಡೋ ಜನರ ಜತೆ. ಒಂದು ಲಕ್ಷ ದಾಟಿದ ಗಾಡಿ ಅಂದ್ರೆ ನಮಗೆ ಕಣ್ಣಿಗೇ ಕಾಣಲ್ಲ. ನಿಜ ಹೇಳೋನು ನಮ್ಮ ಪಟ್ಟಿಗೇ ಬರಲ್ಲ. ಸುಳ್ಳು ಹೇಳಿದೋನು ಮೊದಲನೇ ಪುಟದಲ್ಲಿ. ಈ ವ್ಯಾಪಾರಕ್ಕೆ ಬಂಡವಾಳ ಹಾಕ್ತಿರೋರು ಯಾರು ಅಂತ ಕನ್ನಡಿ ನೋಡ್ಕೊಂಡು ಹೇಳಿ.

ಕಿಲೋಮೀಟರ್ ಅನ್ನೋದು ಗಾಡಿಯ ವಯಸ್ಸಲ್ಲ. ಎಂಜಿನ್‌ಗೆ ಗೊತ್ತಿರೋದು ಎಷ್ಟು ಹೊತ್ತು ತಿರುಗಿದೆ, ಎಷ್ಟು ಸಲ ತಣ್ಣಗಿದ್ದಾಗ ಸ್ಟಾರ್ಟ್ ಆಗಿದೆ, ಆಯಿಲ್ ಯಾವಾಗ ಬದಲಾಗಿದೆ ಅನ್ನೋದು ಮಾತ್ರ. ಟಾಮ್‌ಟಾಮ್ ಕಂಪನಿಯ 2023ರ ವರದಿ ಪ್ರಕಾರ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಹೋಗೋಕೆ ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕು. ಗಂಟೆಗೆ 21 ಕಿಲೋಮೀಟರ್ ಚಿಲ್ಲರೆ ವೇಗ. ಆ ವೇಗದಲ್ಲಿ 60 ಸಾವಿರ ಕಿಲೋಮೀಟರ್ ಓಡಿದ ಗಾಡಿಯ ಎಂಜಿನ್ ಸುಮಾರು 2,800 ಗಂಟೆ ತಿರುಗಿರುತ್ತೆ. ಹೈವೇಲಿ ಸರಾಸರಿ 60ರಲ್ಲಿ ಹೋದ ಗಾಡಿ ಅದೇ 2,800 ಗಂಟೆಯಲ್ಲಿ 1 ಲಕ್ಷ 70 ಸಾವಿರ ಓಡಿರುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮೊದಲನೇ ಗೇರಲ್ಲೇ ಅರ್ಧ ಕ್ಲಚ್ ಒತ್ತಿ ನಿಂತ ಗಾಡಿ "ಕಡಿಮೆ ಓಡಿದ್ದು". ನೆಲಮಂಗಲದಿಂದ ಕುಣಿಗಲ್ ದಾಟಿ ಹಾಸನದವರೆಗೂ ಐದನೇ ಗೇರಲ್ಲಿ ಆರಾಮಾಗಿ ಹೋದ ಗಾಡಿ "ತುಂಬಾ ಓಡಿದ್ದು". ಇದ್ಯಾವ ನ್ಯಾಯ ಗುರೂ?

ನೆಲಮಂಗಲದಿಂದ ಹಾಸನಕ್ಕೆ ಹೆಚ್ಚುಕಡಿಮೆ 150 ಕಿಲೋಮೀಟರ್ ಅಂತಿಟ್ಕೊಳ್ಳಿ. ವಾರಕ್ಕೆ ಎರಡು ಸಲ ಹೋಗಿಬರೋ ಒಬ್ಬ ವ್ಯಾಪಾರಸ್ಥ ವರ್ಷಕ್ಕೆ 30 ಸಾವಿರ ಓಡಿಸ್ತಾನೆ. ಐದು ವರ್ಷಕ್ಕೆ ಒಂದೂವರೆ ಲಕ್ಷ. ಗಾಡಿ ನಿಂತ್ರೆ ಅವನ ವ್ಯಾಪಾರ ನಿಲ್ಲುತ್ತೆ, ಹಾಗಾಗಿ ಸರ್ವೀಸ್ ತಪ್ಪಿಸೋಕೆ ಅವನಿಂದ ಆಗಲ್ಲ. ವಾರಕ್ಕೊಮ್ಮೆ ಮಾಲ್‌ಗೆ ಹೋಗೋ ಅಪಾರ್ಟ್‌ಮೆಂಟ್‌ನವರು "ಓಡೇ ಇಲ್ವಲ್ಲ, ಆಯಿಲ್ ಯಾಕೆ ಚೇಂಜ್ ಮಾಡಿಸ್ಬೇಕು" ಅಂತ ಎರಡು ವರ್ಷ ತಳ್ತಾರೆ. ಬಿಎಸ್-6 ಡೀಸೆಲ್ ಆದ್ರಂತೂ ಕತೆ ಇನ್ನೂ ಕೆಡುತ್ತೆ. 2020ರ ಏಪ್ರಿಲ್‌ನಿಂದ ಬಂದ ಈ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ, ಡಿಪಿಎಫ್ ಅಂತಾರೆ. ಅದು ಕಾದು ತನ್ನ ಮಸಿಯನ್ನು ತಾನೇ ಸುಟ್ಕೋಬೇಕಂದ್ರೆ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡ್ಬೇಕು. ಮನೆಯಿಂದ ಟೆಕ್‌ಪಾರ್ಕ್‌ಗೆ ನಾಲ್ಕು ಕಿಲೋಮೀಟರ್ ತೆವಳೋ ಡೀಸೆಲ್ ಎಸ್‌ಯುವಿಗೆ ಆ ಭಾಗ್ಯ ಇಲ್ಲ, ಫಿಲ್ಟರ್ ಕಟ್ಕೊಳ್ಳುತ್ತೆ. ಮೀಟರ್‌ನಲ್ಲಿ ಮಾತ್ರ ಅಂದವಾದ 25 ಸಾವಿರ.

ಹೊಸಕೋಟೆಯಲ್ಲಿ ವೋಲ್ವೋ ಫ್ಯಾಕ್ಟರಿ ಇದೆ. ಆ ಲಾರಿ, ಬಸ್ಸುಗಳ ಲೋಕದಲ್ಲಿ ಯಾರೂ ಒಂದು ಲಕ್ಷಕ್ಕೆ ಹೌಹಾರಲ್ಲ. ಲಕ್ಷಗಳ ಲೆಕ್ಕದಲ್ಲೇ ಮಾತು ಶುರುವಾಗೋದು, ಮುಂದಿನ ಪ್ರಶ್ನೆ "ಯಾವ ಕೆಲಸ ಯಾವಾಗ ಆಗಿದೆ" ಅನ್ನೋದು. ನಾವು ಅದೇ ಬಸ್ಸಲ್ಲಿ ರಾತ್ರಿ ಮಂಗಳೂರಿಗೆ ಹೋಗ್ತೀವಿ, ಓಡೋಮೀಟರ್ ಎಷ್ಟು ಅಂತ ಡ್ರೈವರ್‌ನ ಕೇಳಲ್ಲ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಮೀಟರ್ ತಿರುಗಿಸೋದನ್ನ ನಾವು ಬೆಲೆಯ ಮೋಸ ಅಂತ ಮಾತ್ರ ತಿಳ್ಕೊಂಡಿದ್ದೀವಿ. "ಐವತ್ತು ಸಾವಿರ ಜಾಸ್ತಿ ಕೊಟ್ಟೆ, ಹೋಗ್ಲಿ ಬಿಡು." ಹೋಗ್ಲಿ ಬಿಡೋ ವಿಷಯ ಅಲ್ಲ ಇದು. 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಬಂದ, ಬಿಡದಿಯಲ್ಲಿ ತಯಾರಾದ ಹಳೇ ಇನ್ನೋವಾ ತಗೊಳ್ಳಿ. (ಅದು ಎಸ್‌ಯುವಿ ಅಲ್ಲ ಎಂಪಿವಿ ಅಂತ ತಿದ್ದೋರಿಗೆ ನಮಸ್ಕಾರ, ಫಾರ್ಚೂನರ್ ಕೂತಿರೋ ಚಾಸಿ ಕುಟುಂಬ ಕೂಡ ಅದೇ.) ಅದರ 2.5 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ, ಅದನ್ನು ಒಂದೂವರೆ ಲಕ್ಷಕ್ಕೆ ಬದಲಾಯಿಸಬೇಕು. 2016ರಲ್ಲಿ ಬಂದ ಕ್ರಿಸ್ಟಾದ 2.4ರಲ್ಲಿ ಬೆಲ್ಟ್ ಬದಲು ಚೈನ್ ಬಂತು, ಆ ಮಾತು ಬೇರೆ. ಈಗ 1 ಲಕ್ಷ 40 ಸಾವಿರ ಓಡಿದ ಹಳೇ ಇನ್ನೋವಾವನ್ನು ಯಾರೋ 70 ಸಾವಿರ ಮಾಡಿ ಮಾರಿದ ಅಂದ್ಕೊಳ್ಳಿ. ನೀವು ಮ್ಯಾನ್ಯುಯಲ್ ಓದೋ ಶಿಸ್ತಿನ ಮನುಷ್ಯ. ಇನ್ನೂ 80 ಸಾವಿರ ಓಡ್ಬಹುದು ಅಂತ ನೆಮ್ಮದಿಯಾಗಿರ್ತೀರಿ. ಅಸಲಿಗೆ ಉಳಿದಿರೋದು ಹತ್ತು ಸಾವಿರ. ಬೆಲ್ಟ್ ಹರಿದ್ರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಅಲ್ಲೇ ಮುಗಿಯುತ್ತೆ, ಅದೂ ದೊಡ್ಡಬಳ್ಳಾಪುರದ ಆಚೆ ರಿಂಗ್ ರೋಡಲ್ಲಿ, ರಾತ್ರಿ ಹನ್ನೊಂದಕ್ಕೆ, ಹಿಂದಿನ ಸೀಟಲ್ಲಿ ಮಕ್ಕಳು ಮಲಗಿರುವಾಗ, ಹಿಂದೆ ಮರಳು ಲಾರಿ ಬರ್ತಿರುವಾಗ. ಗಾಡಿಯನ್ನು ನೋಡ್ಕೊಳ್ಳೋ ದಾರಿಯನ್ನೇ ಆ ಸುಳ್ಳು ನಿಮ್ಮಿಂದ ಕಿತ್ಕೊಂಡಿರುತ್ತೆ. ನಿಜವಾದ 1 ಲಕ್ಷ 90 ಸಾವಿರದ ಗಾಡಿಗೆ ಬೆಲ್ಟ್ ಹಾಕಿದ ಬಿಲ್ ಇರುತ್ತೆ. ಸುಳ್ಳು 70 ಸಾವಿರಕ್ಕೆ ಏನಿದೆ? ಹೊಸ ಸೀಟ್ ಕವರ್ ಇದೆ.

ಸುಳ್ಳು ಹಿಡಿಯೋದು ರಾಕೆಟ್ ವಿಜ್ಞಾನವೇನಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 1421 ಅಂದ್ರೆ 2021ರ 14ನೇ ವಾರ ತಯಾರಾಗಿದ್ದು. 2014ರ ಗಾಡಿ, 40 ಸಾವಿರ ಓಡಿದೆ, ಆದ್ರೆ ನಾಲ್ಕೂ ಟೈರ್ 2018ರದ್ದು, ಅವೂ ಸವೆದಿವೆ ಅಂದ್ರೆ ಯಾರೋ ಕತೆ ಕಟ್ತಿದ್ದಾರೆ. ಕ್ಲಚ್ ಪೆಡಲ್ ರಬ್ಬರ್ ನೋಡಿ, ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚು ನೋಡಿ. ಮೀಟರ್ ಬೋರ್ಡಿನ ಚಿಪ್‌ನಲ್ಲಿರೋ ಅಂಕಿ ಬದಲಾಯಿಸೋದು ಸುಲಭ, ಆದ್ರೆ ಎಷ್ಟೋ ಗಾಡಿಗಳಲ್ಲಿ ಅದೇ ಲೆಕ್ಕ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ ಕೂತಿರುತ್ತೆ, ಸ್ಕ್ಯಾನರ್ ಇರೋ ಮೆಕ್ಯಾನಿಕ್ ಓದಬಲ್ಲ. ಎಲ್ಲಕ್ಕಿಂತ ಮುಖ್ಯ, ಕಂಪನಿ ಸರ್ವೀಸ್ ದಾಖಲೆ. ಪ್ರತಿ ಸಲವೂ ಕಿಲೋಮೀಟರ್ ಬರೆದಿರ್ತಾರೆ. 2019ರಲ್ಲಿ 1 ಲಕ್ಷ 12 ಸಾವಿರ ಇದ್ದದ್ದು ಈಗ 66 ಸಾವಿರ ಹೇಗಾಯ್ತು ಅಂತ ಮಾರೋನ ಮುಖ ನೋಡಿ ಕೇಳಿ. ದಾಖಲೆ ಇಲ್ವೇ ಇಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಬರುವಾಗ ಚಕ್ಕೋತ ತಗೊಂಡು ಬನ್ನಿ, ದೇವನಹಳ್ಳಿವರೆಗೂ ಹೋಗಿದ್ದು ವೇಸ್ಟ್ ಆಗಲ್ಲ.

ಹಾಗಂತ ಓಡಿದ್ದೆಲ್ಲ ಚಿನ್ನ ಅಂತ ನಾನೇನೂ ಹೇಳ್ತಿಲ್ಲ. 2008ರಲ್ಲಿ ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿ ರಸ್ತೆಯಲ್ಲಿ ಹಗಲೂ ರಾತ್ರಿ ಮೂರು ಜನ ಡ್ರೈವರ್ ಬದಲಾಗಿ ಓಡಿಸಿದ ಹಳದಿ ಬೋರ್ಡ್ ಗಾಡಿಗಳಿವೆ. ಅವು ಬಿಳಿ ಬೋರ್ಡ್ ಹಾಕ್ಕೊಂಡು "ಫ್ಯಾಮಿಲಿ ಯೂಸ್" ಅಂತ ಬರ್ತವೆ. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿದ್ರೆ ಗಾಡಿಯ ಜಾತಕ ಗೊತ್ತಾಗುತ್ತೆ. ಟ್ಯಾಕ್ಸಿ ಅಂತ ಒಪ್ಕೊಂಡು, ಬಿಲ್ ತೋರಿಸಿ, ಬೆಲೆ ಇಳಿಸಿ ಮಾರಿದ್ರೆ ನಂಗೇನೂ ತಕರಾರಿಲ್ಲ. ಇನ್ನೊಂದು, 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವಕ್ಕೆ ಬಡಾವಣೆಗಳೇ ಮುಳುಗಿದ್ವಲ್ಲ, ನೆನಪಿದೆಯಾ? ಮುಳುಗಿದ ಗಾಡಿಯ ಮೀಟರ್ ಕೂಡ ಪ್ರಾಮಾಣಿಕವಾಗಿ 30 ಸಾವಿರ ತೋರಿಸುತ್ತೆ. ಕಾರ್ಪೆಟ್ ಎತ್ತಿ ನೋಡಿ, ಸೀಟಿನ ಕಂಬಿಯ ಬೋಲ್ಟ್‌ಗೆ ತುಕ್ಕಿದ್ಯಾ ನೋಡಿ, ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ಕೊನೇಲಿ ಕೆಸರಿನ ಗೆರೆ ಇದ್ಯಾ ನೋಡಿ.

ದೆಹಲಿ ಗಾಡಿಯ ಆಸೆಯನ್ನೂ ಬಿಡಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸೋ ಹಾಗಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಫಾರ್ಚೂನರ್‌ಗಳ ಬೆಲೆ ಬಿತ್ತು, ನಮ್ಮೋರ ಬಾಯಲ್ಲಿ ನೀರು ಬಂತು. ಇಲ್ಲಿಗೆ ತಂದ್ರೆ ಎನ್‌ಒಸಿ, ಹೊಸ ನಂಬರ್, ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ. ದೇಶದಲ್ಲೇ ಅತಿ ಹೆಚ್ಚು ತೆರಿಗೆ ಇರೋ ರಾಜ್ಯಗಳ ಸಾಲಲ್ಲಿ ನಾವಿದ್ದೀವಿ. ಗಾಡಿ ಹಳೇದಾದಷ್ಟೂ ಕಡಿಮೆಯಾಗುತ್ತೆ ನಿಜ, ಆದ್ರೂ ಫಾರ್ಚೂನರ್‌ನಂಥ ಗಾಡಿಗೆ ಕಟ್ಟೋ ಮೊತ್ತ ನೋಡಿದ್ರೆ ಉಳಿಸಿದ್ದು ಎಲ್ಲಿ ಹೋಯ್ತು ಅಂತ ಹುಡುಕ್ಬೇಕು.

ಕೆಎ-43ರದ್ದೋ, ಕೆಎ-52ರದ್ದೋ ಸ್ಥಳೀಯ ಗಾಡಿ, ಎರಡು ಲಕ್ಷದ ಹತ್ರ ಓಡಿದ್ದು, ದಾಖಲೆ ಪೂರ್ತಿ ಇರೋದು, ಅದನ್ನ ನೋಡೋಕೆ ಹೋಗಿ. ಬೆಳಗ್ಗೆ ಬೇಗ ಹೋಗಿ, ಬಾನೆಟ್ ಮೇಲೆ ಕೈ ಇಟ್ಟು ಎಂಜಿನ್ ತಣ್ಣಗಿದೆ ಅಂತ ಖಾತ್ರಿ ಮಾಡ್ಕೊಂಡು ನೀವೇ ಸ್ಟಾರ್ಟ್ ಮಾಡಿ. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಗುಪ್ಪಂತ ಬಂದ್ರೆ ಟೀ ಕುಡಿದು ವಾಪಸ್ ಬನ್ನಿ. ಮೀಟರ್ ಜಾಸ್ತಿ ಅಂತ ಉಳಿದ ದುಡ್ಡನ್ನ ಅಲಾಯ್ ವೀಲ್‌ಗೆ ಸುರೀಬೇಡಿ. ಕ್ಲಚ್, ಸಸ್ಪೆನ್ಷನ್ ಬುಷ್, ಇಂಜೆಕ್ಟರ್, ಬೆಲ್ಟ್, ಟೈರ್, ಇವಕ್ಕೆ ಎತ್ತಿಡಿ. ಮತ್ತೆ, ನಂದಿಬೆಟ್ಟಕ್ಕೆ ಹೋಗೋಕೆ ಫೋರ್ ವೀಲ್ ಡ್ರೈವ್ ಬೇಕು ಅಂತ ಯಾರಾದ್ರೂ ಹೇಳಿದ್ರೆ, ಅಲ್ಲಿಗೆ ಸರ್ಕಾರಿ ಬಸ್ಸು ಹತ್ತುತ್ತೆ ಅಂತ ತಿಳಿಸಿ.

ಮಾರೋರಿಗೂ ಒಂದು ಮಾತು. ದುಡ್ಡು ಎಣಿಸ್ಕೊಂಡು ಕೀ ಕೊಟ್ಟು ಕೈ ತೊಳ್ಕೋಬೇಡಿ. ಫಾರಂ 29, 30 ಸೇರಿಸಿ ಆರ್‌ಟಿಒಗೆ 14 ದಿನದಲ್ಲಿ ತಿಳಿಸ್ಬೇಕು ಅಂತ ಕಾನೂನಿದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹೊಸಬ ಹೊಸಕೋಟೆ ಹತ್ರ ಯಾರಿಗೋ ಗುದ್ದಿದ್ರೆ ನೋಟಿಸ್ ಬರೋದು ನಿಮ್ಮ ಮನೆಗೆ.