ಎಪ್ಪತ್ತಾಗುವವರೆಗೆ ಕಾಯಿಲೆ ಬೀಳಬೇಡಿ

ಭಾರತದಲ್ಲಿ ಸರ್ಕಾರದ ಆರೋಗ್ಯ ವಿಮೆ ಬೇಕೆಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಅರ್ಹತೆ ಇರಬೇಕು. ಬಡವರೆಂದು ಕಾಗದದಲ್ಲಿ ಸಾಬೀತಾಗಿರಬೇಕು. ಇಲ್ಲವೇ ಸರ್ಕಾರದ ನೌಕರಿಯಲ್ಲೋ ಕಡಿಮೆ ಸಂಬಳದ ಸಂಘಟಿತ ಕೆಲಸದಲ್ಲೋ ಇರಬೇಕು. ಅದೂ ಇಲ್ಲದಿದ್ದರೆ ಎಪ್ಪತ್ತು ತುಂಬಿರಬೇಕು. ಐವತ್ತೈದಕ್ಕೆ ಕೆಲಸ ಬಿಟ್ಟವರು, ಕೆಲಸವೇ ಬಿಟ್ಟುಹೋದವರು, ಮಗನದೋ ಮಗಳದೋ ಸಂಸಾರದ ಹಿಂದೆ ಇನ್ನೊಂದು ರಾಜ್ಯಕ್ಕೆ ಬಂದು ಕೂತವರು ಈ ಮೂರರಲ್ಲಿ ಯಾವುದಕ್ಕೂ ಸಲ್ಲುವುದಿಲ್ಲ. ಅವರಿಗೆ ವ್ಯವಸ್ಥೆ ಬಾಯಿಬಿಟ್ಟು ಹೇಳದ ಸಲಹೆ ಒಂದೇ: ಎಪ್ಪತ್ತಾಗುವವರೆಗೆ ಕಾಯಿಲೆ ಬೀಳಬೇಡಿ.

ಚೆನ್ನೈನ ಕೀಲ್ಪಾಕ್‌ನಲ್ಲಿ ಈ ವಿಂಗಡಣೆಯನ್ನು ಒಂದು ಬೆಳಗಿನ ನಡಿಗೆಯಲ್ಲಿ ಕಣ್ಣಾರೆ ನೋಡಬಹುದು. ಪೂನಮಲ್ಲಿ ಹೈ ರೋಡ್ ಎಂದೇ ಹಳಬರು ಕರೆಯುವ ಇ.ವಿ.ಆರ್. ಪೆರಿಯಾರ್ ಸಾಲೈ ಮೇಲೆ ಕೀಲ್ಪಾಕ್ ವೈದ್ಯಕೀಯ ಕಾಲೇಜಿನ ಸರ್ಕಾರಿ ಆಸ್ಪತ್ರೆಯಿದೆ. ಕಾಲೇಜು ಶುರುವಾದದ್ದು 1960ರಲ್ಲಿ. ಪಕ್ಕದ ಅಯನಾವರದಲ್ಲಿ ಇಎಸ್‌ಐ ಆಸ್ಪತ್ರೆಯಿದೆ. ಇವೆರಡರ ನಡುವಿನ ಬೀದಿಗಳಲ್ಲಿ ಖಾಸಗಿ ಆಸ್ಪತ್ರೆಗಳೂ ನರ್ಸಿಂಗ್ ಹೋಮ್‌ಗಳೂ ಇವೆ. ಮೊದಲನೆಯದು ಯಾರಿಗೂ ಬಾಗಿಲು ಹಾಕುವುದಿಲ್ಲ. ಎರಡನೆಯದಕ್ಕೆ ಇಎಸ್‌ಐ ಸಂಖ್ಯೆ ಬೇಕು. ಮೂರನೆಯದಕ್ಕೆ ಹಣ ಬೇಕು, ಇಲ್ಲವೇ ಹಣ ಕೊಡುವ ಕಾರ್ಡ್ ಬೇಕು. ತಕರಾರು ಇರುವುದು ಈ ಕಾರ್ಡಿನ ಬಗ್ಗೆ.

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಸ್ವಯಂ ನಿವೃತ್ತಿ ಪಡೆದು, ಐವತ್ತೆಂಟರ ವಯಸ್ಸಿನಲ್ಲಿ ಹೆಂಡತಿಯೊಡನೆ ಕೀಲ್ಪಾಕ್‌ನ ಮಗಳ ಮನೆಯ ಹತ್ತಿರ ಬಾಡಿಗೆಗೆ ಬಂದವರೊಬ್ಬರನ್ನು ಊಹಿಸಿಕೊಳ್ಳಿ. ಕಂಪನಿ ಕೊಟ್ಟ ಗಂಟು ಇಪ್ಪತ್ತು ಲಕ್ಷ, ಅದು ಬ್ಯಾಂಕಿನ ಠೇವಣಿಯಲ್ಲಿದೆ. ನೂರಕ್ಕೆ ಏಳರಂತೆ ಬಡ್ಡಿ ಬಂದರೆ ವರ್ಷಕ್ಕೆ 1,40,000 ರೂಪಾಯಿ. ತಮಿಳುನಾಡಿನ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ 1,20,000 ರೂಪಾಯಿ ಮೀರಿರಬಾರದು. ಗಂಡಹೆಂಡತಿ ಇಬ್ಬರೂ ತಿಂಗಳಿಗೆ ಹನ್ನೊಂದು ಸಾವಿರ ಚಿಲ್ಲರೆಯಲ್ಲಿ ಬದುಕುವ ಈ ಸಂಸಾರ ಯೋಜನೆಯ ಲೆಕ್ಕದಲ್ಲಿ ಅನುಕೂಲಸ್ಥರದು. ಮಂಡಿಚಿಪ್ಪು ಬದಲಿಸಬೇಕಾದರೆ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಬೇಕಾದರೆ ಆ ಗಂಟನ್ನೇ ಒಡೆಯಬೇಕು. ಗಂಟು ಒಡೆದು ಬಡ್ಡಿ ಕಡಿಮೆಯಾದ ಮೇಲೆ ಅವರು ಬಡವರಾಗುತ್ತಾರೆ, ಆಗ ಅರ್ಜಿ ಹಾಕಬಹುದು! ಬಡತನದಿಂದ ಕಾಪಾಡಬೇಕಾದ ವಿಮೆ ಬಡತನ ಬರಲೆಂದು ಬಾಗಿಲಲ್ಲಿ ಕಾದು ಕೂತಿರುತ್ತದೆ.

ಆದಾಯ ಕಡಿಮೆಯಿದ್ದರೂ ದಾರಿ ಸಲೀಸಲ್ಲ. ಯೋಜನೆಗೆ ತಮಿಳುನಾಡಿನ ಕುಟುಂಬ ಪಡಿತರ ಚೀಟಿ ಬೇಕು, ಕಂದಾಯ ಇಲಾಖೆಯ ಆದಾಯ ಪ್ರಮಾಣಪತ್ರ ಬೇಕು. ಇಲ್ಲಿ ಪಡಿತರ ಚೀಟಿ ಬೇಕಾದರೆ ಕರ್ನಾಟಕದ ಚೀಟಿಯಿಂದ ಹೆಸರು ತೆಗೆಸಿರಬೇಕು. ತೆಗೆಸಿದ ದಿನ ಕರ್ನಾಟಕದ ನಂಟೂ ಕಡಿಯಿತು. 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಅದು ಸಣ್ಣ ನೆರವಾದರೂ ನೆರವೇ. ಆದರೆ ತುರ್ತು ಸಂದರ್ಭ ಬಿಟ್ಟರೆ ಅದಕ್ಕೆ ಕರ್ನಾಟಕದ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಕೀಲ್ಪಾಕ್‌ನಲ್ಲಿ ಎದೆನೋವು ಬಂದವರು ಶಿಫಾರಸಿಗೆಂದು ಜೋಲಾರಪೇಟೆ ದಾಟಿ ಬೆಂಗಳೂರಿಗೆ ರೈಲು ಹತ್ತಬೇಕೆ? ಇತ್ತ ಸೇರಿಸಿಕೊಳ್ಳುವುದಿಲ್ಲ, ಅತ್ತ ಉಳಿಸಿಕೊಳ್ಳುವುದಿಲ್ಲ. ಬೆಂಗಳೂರಿಗೆ ಬಂದು ನೆಲೆಸಿದ ತಮಿಳು ನಿವೃತ್ತರಿಗೂ ಇದೇ ಪಾಡು, ದಿಕ್ಕು ಮಾತ್ರ ಅದಲುಬದಲು.

ಬೇಗ ನಿವೃತ್ತರಾದವರು ಎಂದೊಡನೆ ನಲವತ್ತೈದಕ್ಕೆ ಕೋಟಿ ಕೂಡಿಟ್ಟು ಕಾಫಿ ಎಸ್ಟೇಟಿಗೆ ಹೊರಟ ಸಾಫ್ಟ್‌ವೇರ್ ಎಂಜಿನಿಯರ್ ಕಣ್ಮುಂದೆ ಬರುತ್ತಾನೆ. ಕರ್ನಾಟಕದ ಅನುಭವ ಬೇರೆ. 2000–01ರಲ್ಲಿ ಸರ್ಕಾರಿ ಬ್ಯಾಂಕುಗಳು ಸುಮಾರು ಒಂದು ಲಕ್ಷ ನೌಕರರನ್ನು ಸ್ವಯಂ ನಿವೃತ್ತಿಯ ಹೆಸರಿನಲ್ಲಿ ಮನೆಗೆ ಕಳಿಸಿದವು. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿ, ಉಳಿದಿದ್ದ ನೌಕರರಿಗೆ ಸ್ವಯಂ ನಿವೃತ್ತಿಯ ಪ್ಯಾಕೇಜ್ ಕೊಟ್ಟಿತು. ಇವುಗಳಲ್ಲಿ ‘ಸ್ವಯಂ’ ಎಂಬುದು ಎಷ್ಟಿತ್ತು ಎಂಬುದು ಸಹಿ ಹಾಕಿದವರಿಗೆ ಗೊತ್ತು. ಗಂಟು ಕೊಟ್ಟು ಕೈತೊಳೆದುಕೊಂಡ ಸರ್ಕಾರ, ಅದೇ ಗಂಟನ್ನು ತೋರಿಸಿ ‘ನೀವು ಬಡವರಲ್ಲ’ ಎನ್ನುವುದರಲ್ಲಿ ನಾಚಿಕೆಗೇಡು ಇದೆ.

ಇನ್ನು ಫ್ರಾನ್ಸ್ ಕಡೆ ನೋಡಬೇಕು, ಏಕೆಂದರೆ ಬೇರೆ ದೇಶದಿಂದ ಬಂದು ಕೂತ ಬೇಗ ನಿವೃತ್ತರನ್ನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಆ ದೇಶ ಎದುರಿಸಿದೆ, ಎಡವಿದೆ, ತಿದ್ದಿಕೊಂಡಿದೆ. 2000ದ ಜನವರಿಯಿಂದ ಅಲ್ಲಿ ಎಲ್ಲ ನಿವಾಸಿಗಳಿಗೂ ವಿಮೆಯ ದಾರಿ ತೆರೆಯಿತು. 2007ರಲ್ಲಿ ಸರ್ಕಾರ ಮನಸ್ಸು ಬದಲಿಸಿ, ಯುರೋಪಿನ ಬೇರೆ ದೇಶಗಳಿಂದ ಬಂದು ದುಡಿಯದೆ ಇದ್ದವರನ್ನು ಐದು ವರ್ಷ ವಾಸ ಮುಗಿಯುವವರೆಗೆ ಹೊರಗಿಟ್ಟಿತು. ಪೆಟ್ಟು ತಿಂದವರಲ್ಲಿ ಬಹಳಷ್ಟು ಮಂದಿ ಹಳ್ಳಿ ಕಡೆ ಹಳೇ ಮನೆ ಕೊಂಡು ನೆಲೆಸಿದ್ದ, ಇನ್ನೂ ಪಿಂಚಣಿಯ ವಯಸ್ಸಾಗದ ಬ್ರಿಟಿಷರು. ಕೂಗೆದ್ದ ಮೇಲೆ ಮೊದಲೇ ನೆಲೆಸಿದ್ದವರಿಗೆ ವಿನಾಯಿತಿ ಸಿಕ್ಕಿತು. 2016ರ ಜನವರಿ 1ರಂದು ‘ಪ್ಯೂಮಾ’ ಎಂಬ ಸಾರ್ವತ್ರಿಕ ರಕ್ಷಣೆ ಜಾರಿಗೆ ಬಂದು ನಿಯಮ ಸರಳವಾಯಿತು: ದುಡಿಯುತ್ತಿದ್ದರೆ ಮೊದಲ ದಿನದಿಂದಲೇ, ಇಲ್ಲದಿದ್ದರೆ ಕಾನೂನುಬದ್ಧವಾಗಿ ಮೂರು ತಿಂಗಳು ವಾಸವಿದ್ದ ಮೇಲೆ ವಿಮೆಗೆ ಹಕ್ಕು.

ಪುಕ್ಕಟೆ ಎಂದುಕೊಳ್ಳಬಾರದು. ದುಡಿಮೆಯ ಆದಾಯ ತೀರಾ ಕಡಿಮೆಯಿದ್ದು, ಬಡ್ಡಿ, ಬಾಡಿಗೆ, ಷೇರಿನ ಲಾಭದಂಥ ಆದಾಯ ಒಂದು ಮಿತಿ ಮೀರಿದರೆ, ಮೀರಿದ ಮೊತ್ತದ ಮೇಲೆ ಶೇ. 6.5ರ ವಂತಿಗೆ ಬೀಳುತ್ತದೆ. 2025ರ ಲೆಕ್ಕದಲ್ಲಿ ಆ ಮಿತಿ 23,550 ಯೂರೊ. ಪಿಂಚಣಿದಾರರಿಗೆ ಈ ವಂತಿಗೆ ಇಲ್ಲ. ಇದು ಗುರಿಯಿಟ್ಟು ಮುಟ್ಟುವುದು ಪಿಂಚಣಿ ಬರುವ ಮೊದಲೇ ಕೂಡಿಟ್ಟದ್ದರಲ್ಲಿ ಬದುಕುವವರನ್ನು. ಅಂದರೆ ಫ್ರಾನ್ಸ್ ಅವರಿಗೆ ‘ನಿಮ್ಮಲ್ಲಿ ಗಂಟಿದೆ, ಆದ್ದರಿಂದ ಹೊರಗಿರಿ’ ಎನ್ನುವುದಿಲ್ಲ. ‘ನಿಮ್ಮಲ್ಲಿ ಗಂಟಿದೆ, ಆದ್ದರಿಂದ ಒಳಗೆ ಬಂದು ನಿಮ್ಮ ಪಾಲು ಕೊಡಿ’ ಎನ್ನುತ್ತದೆ. ದುಡಿಯದೆ ಬಂದು ನೆಲೆಸಿದವರು ಎಷ್ಟು ಕೊಡಬೇಕೆಂಬ ಜಗಳ ಅಲ್ಲಿ ಇಂದಿಗೂ ನಿಂತಿಲ್ಲ. ಆದರೆ ಜಗಳ ಇರುವುದು ಪಾಲಿನ ಬಗ್ಗೆ.

ಅಲ್ಲಿನ ಕಚೇರಿಗಳು ಸ್ವರ್ಗದ ಬಾಗಿಲುಗಳಲ್ಲ. ಕೀಲ್ಪಾಕ್‌ನಿಂದ ಹೊರಟು ಅಲ್ಲಿನ ವಿಮಾ ಕಚೇರಿಗೆ ಅರ್ಜಿ ಹಾಕುವವರಿಗೆ ಮೊದಲ ಕಂಟಕ ಹೆಸರು, ಎರಡನೆಯದು ಹುಟ್ಟು. ಅಪ್ಪನ ಹೆಸರನ್ನೂ ಊರಿನ ಹೆಸರನ್ನೂ ಇನಿಶಿಯಲ್ ಮಾಡಿಕೊಂಡ ದಕ್ಷಿಣದವರಿಗೆ ಮನೆತನದ ಹೆಸರು ಎಂಬ ಖಾನೆಯಲ್ಲಿ ಏನು ಬರೆಯಬೇಕೆಂಬುದೇ ಒಗಟು. ಪಾಸ್‌ಪೋರ್ಟಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ತಂದೆತಾಯಿಯರ ಹೆಸರಿರುವ ಜನನ ಪ್ರಮಾಣಪತ್ರ, ಅದಕ್ಕೆ ಅಪೊಸ್ಟಿಲ್ ಮುದ್ರೆ, ಪ್ರಮಾಣಿತ ಅನುವಾದಕರಿಂದ ಫ್ರೆಂಚ್ ಅನುವಾದ ಬೇಕು. ಜನನ ಮರಣ ನೋಂದಣಿಯ 1969ರ ಕಾಯ್ದೆಗೆ ಮೊದಲು ಹುಟ್ಟಿದ ಎಷ್ಟೋ ಮಂದಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಹುಟ್ಟಿದ ದಾಖಲೆ. ಮೊದಲು ತಾತ್ಕಾಲಿಕ ಸಂಖ್ಯೆ, ಆಮೇಲೆ ಕಾಯಂ ಸಂಖ್ಯೆ, ಕೊನೆಗೆ ‘ಕಾರ್ತ್ ವಿತಾಲ್’ ಎಂಬ ಹಸಿರು ಕಾರ್ಡು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಕಾರ್ಡು ಬಂದ ಮೇಲೂ ಎಲ್ಲ ಖರ್ಚು ವಾಪಸಾಗುವುದಿಲ್ಲ. ತನ್ನ ವೈದ್ಯರೆಂದು ನೋಂದಾಯಿಸಿಕೊಂಡವರ ಬಳಿ ಹೋದರೆ 30 ಯೂರೊ ಶುಲ್ಕದಲ್ಲಿ ಶೇ. 70ರಷ್ಟನ್ನು ಲೆಕ್ಕ ಹಾಕಿ, ಅದರಲ್ಲಿ 2 ಯೂರೊ ಹಿಡಿದು 19 ಯೂರೊ ಮರಳಿಸುತ್ತಾರೆ.

ಇಷ್ಟೆಲ್ಲ ಕಾಗದ ಕೇಳಿದರೂ ಅಲ್ಲಿನ ಗುಮಾಸ್ತರು ಪರೀಕ್ಷಿಸುವುದು ಮುಖ್ಯವಾಗಿ ಎರಡನ್ನು: ನೀವು ಯಾರು, ನೀವು ನಿಜವಾಗಿ ಇಲ್ಲಿ ವಾಸವಿದ್ದೀರಾ? ಬಾಡಿಗೆ ಕರಾರು, ಕರೆಂಟು ಬಿಲ್ಲು, ವಾಸದ ಪರವಾನಗಿ ತೋರಿಸಿದರೆ ಉತ್ತರ ಸಿಕ್ಕಿತು. ಕೀಲ್ಪಾಕ್‌ನಲ್ಲಿ ಕೇಳುವ ಪ್ರಶ್ನೆ ‘ನೀವು ಎಷ್ಟು ಬಡವರು?’ ಎಂಬುದು. ಅದಕ್ಕೆ ಉತ್ತರ ಕೊಡಬೇಕಾದವರು ತಹಶೀಲ್ದಾರರು. ಇಪ್ಪತ್ತು ವರ್ಷ ಅದೇ ಬೀದಿಯಲ್ಲಿ ಬಾಳಿದರೂ ವಾಸದ ಕಾಗದಗಳಿಂದ ಈ ಪ್ರಶ್ನೆಗೆ ಉತ್ತರ ಹುಟ್ಟುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಕೀಲ್ಪಾಕ್ ಸರ್ಕಾರಿ ಆಸ್ಪತ್ರೆ ಎಲ್ಲರಿಗೂ ತೆರೆದಿರುವಾಗ ಕಾರ್ಡ್ ಏಕೆ? ಇದು ಹಗುರವಾದ ಮಾತಲ್ಲ. ಹೊರರೋಗಿ ಚೀಟಿ ಬರೆಸಲು ಅಲ್ಲಿ ಯಾರ ಆದಾಯವನ್ನೂ ಕೇಳುವುದಿಲ್ಲ, 1994ರಲ್ಲಿ ಸ್ಥಾಪನೆಯಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮದ ಮೂಲಕ ಬರುವ ಔಷಧಗಳನ್ನು ಉಚಿತವಾಗಿ ಕೊಡುತ್ತಾರೆ. ಆ ಒಂದು ವಿಷಯದಲ್ಲಿ ಫ್ರಾನ್ಸಿನವರು ಇಲ್ಲಿಗೆ ಬಂದು ಕಲಿಯಬಹುದು. ಆದರೆ ಆಕ್ಷೇಪಕ್ಕೆ ಉತ್ತರವನ್ನು ತಮಿಳುನಾಡು ಸರ್ಕಾರವೇ ಕೊಟ್ಟಿದೆ. ಸರ್ಕಾರಿ ಆಸ್ಪತ್ರೆಯೊಂದೇ ಸಾಕಾಗಿದ್ದರೆ 2009ರಿಂದ ಬಡವರಿಗಾಗಿ ವಿಮೆ ಮಾಡಿಸಿ ಖಾಸಗಿ ಆಸ್ಪತ್ರೆಗಳ ಬಾಗಿಲನ್ನೂ ತೆರೆಸುವ ಅಗತ್ಯ ಏನಿತ್ತು? ಬಡವರಿಗೆ ಸಾಲದು ಎಂದು ಸರ್ಕಾರವೇ ಒಪ್ಪಿಕೊಂಡ ವ್ಯವಸ್ಥೆ, ಅವರಿಗಿಂತ ಇಪ್ಪತ್ತು ಸಾವಿರ ರೂಪಾಯಿ ಹೆಚ್ಚು ಆದಾಯವಿದ್ದವರಿಗೆ ಸಾಕಾಗುವುದು ಹೇಗೆ?

ಎರಡನೆಯ ಆಕ್ಷೇಪ: ಖಾಸಗಿ ವಿಮೆ ಇದೆಯಲ್ಲ? ಇದೆ, ಈಚೆಗೆ ಸ್ವಲ್ಪ ಸುಧಾರಿಸಿಯೂ ಇದೆ. 2024ರ ಏಪ್ರಿಲ್‌ನಿಂದ 65 ದಾಟಿದವರೂ ಹೊಸ ಪಾಲಿಸಿ ಕೊಳ್ಳಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯ ಮಿತಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿ ಹೋಗಿದೆ. ಆದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಐವತ್ತೆಂಟರವರಿಗೆ ‘ಮೂರು ವರ್ಷ ಕಾಯಿರಿ’ ಎನ್ನಬಲ್ಲ ವಿಮೆಯನ್ನು ಫ್ರಾನ್ಸಿನ ಮೂರು ತಿಂಗಳ ಪಕ್ಕದಲ್ಲಿಟ್ಟು ನೋಡಬೇಕು. ಕಂಪನಿ ಅಪಾಯ ಅಳೆದು ಕಂತು ಕಟ್ಟಿಸಿಕೊಳ್ಳುತ್ತದೆ, ಅದರ ವ್ಯಾಪಾರವೇ ಅದು. ಸರ್ಕಾರದ ಕೆಲಸವನ್ನು ಅದರಿಂದ ನಿರೀಕ್ಷಿಸುವುದು ತಪ್ಪು.

ಮೂರನೆಯದು: ಹಣ ಕೊಟ್ಟು ಸೇರಲು ಬಿಟ್ಟರೆ ಕಾಯಿಲೆ ಇದ್ದವರು ಮಾತ್ರ ಸೇರುತ್ತಾರೆ. ಈ ಭಯ ನಿಜ. ಅದಕ್ಕೇ ವಂತಿಗೆ ಆದಾಯಕ್ಕೆ ತಕ್ಕಂತೆ, ನೆಲೆಸಿದ ಎಲ್ಲರ ಮೇಲೆ ಇರಬೇಕು. ಅಷ್ಟು ದೂರ ಹೋಗುವ ಧೈರ್ಯ ಇಲ್ಲದಿದ್ದರೂ ಉದಾಹರಣೆಗಳಿಗೆ ಈ ದೇಶದಲ್ಲೇ ಕೊರತೆಯಿಲ್ಲ. ರಾಜಸ್ಥಾನ 2021ರಲ್ಲಿ ಚಿರಂಜೀವಿ ಯೋಜನೆ ತಂದಾಗ, ಉಚಿತ ಪಟ್ಟಿಯಲ್ಲಿಲ್ಲದ ಕುಟುಂಬಗಳೂ ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರಬಹುದೆಂದಿತು. ಕರ್ನಾಟಕದ ಯಶಸ್ವಿನಿ 2003ರಿಂದಲೇ ಸಹಕಾರ ಸಂಘಗಳ ಸದಸ್ಯರಿಂದ ವಂತಿಗೆ ಪಡೆದು ನಡೆದದ್ದು. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ತಮಿಳುನಾಡು ತನ್ನ ಪಿಂಚಣಿದಾರರಿಂದ 2022ರ ಜುಲೈನಿಂದ ತಿಂಗಳಿಗೆ 497 ರೂಪಾಯಿ ಹಿಡಿದು ವಿಮೆ ಕೊಡುತ್ತದೆ. ಅಯನಾವರದ ಆಸ್ಪತ್ರೆ ಯಾವ ಯೋಜನೆಯದೋ ಆ ಇಎಸ್‌ಐ, ಐದು ವರ್ಷ ವಿಮೆಯಲ್ಲಿದ್ದು ಸ್ವಯಂ ನಿವೃತ್ತಿ ಪಡೆದವರಿಗೂ ವರ್ಷಕ್ಕೆ 120 ರೂಪಾಯಿಗೆ ಗಂಡಹೆಂಡತಿ ಇಬ್ಬರ ಚಿಕಿತ್ಸೆ ಮುಂದುವರಿಸುತ್ತದೆ. ಬೇಗ ನಿವೃತ್ತರಾದವರನ್ನು ಹೆಸರಿಸಿ ಒಳಗೆ ಕರೆದ ನಿಯಮ ಹೀಗೆ ಈಗಾಗಲೇ ಇದೆ. ಆದರೆ 21,000 ರೂಪಾಯಿ ಸಂಬಳದ ಗೆರೆಯ ಆಚೆ ದುಡಿದವರಿಗೆ ಅದು ಸಿಗದು.

ಹೊರಗಿನವರ ಹೊರೆ ತಮಿಳುನಾಡು ಏಕೆ ಹೊರಬೇಕು ಎಂಬ ಮಾತೂ ಬರುತ್ತದೆ. ಇದಕ್ಕೂ ಆ ರಾಜ್ಯದ ಯೋಜನೆಯಲ್ಲೇ ಉತ್ತರವಿದೆ. ಶಿಬಿರಗಳಲ್ಲಿರುವ ಶ್ರೀಲಂಕಾ ನಿರಾಶ್ರಿತರಿಗೆ ಅದು ಆದಾಯದ ಮಿತಿಯಿಲ್ಲದೆ ಸಲ್ಲುತ್ತದೆ. ಆರು ತಿಂಗಳಿಂದ ವಾಸವಿರುವ ಹೊರರಾಜ್ಯದ ವಲಸೆ ಕಾರ್ಮಿಕರನ್ನು ಕಾರ್ಮಿಕ ಇಲಾಖೆಯ ಪ್ರಮಾಣಪತ್ರದ ಮೇಲೆ ಸೇರಿಸಿಕೊಳ್ಳುವ ದಾರಿಯೂ ಇದೆ. ಇಲ್ಲಿ ಬಾಳುವವರು ಇಲ್ಲಿಯವರು ಎಂಬ ತತ್ವವನ್ನು ತಮಿಳುನಾಡು ಒಪ್ಪಿದೆ ಎಂದಾಯಿತು. ದುಡಿಯುವ ಕೈಗೆ ಕೊಟ್ಟ ಮಾನ್ಯತೆಯನ್ನು ದುಡಿದು ದಣಿದ ಕೈಗೂ ಕೊಡುವುದಷ್ಟೇ ಬಾಕಿ. ಕೀಲ್ಪಾಕ್‌ನ ಅಂಗಡಿಯಲ್ಲಿ ಅಕ್ಕಿ, ಎಣ್ಣೆ, ಮಾತ್ರೆ ಕೊಳ್ಳುವಾಗ ತೆರಿಗೆ ಹಿಡಿಯುವವರು ಊರು ಯಾವುದೆಂದು ಕೇಳುವುದಿಲ್ಲ.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಯೋಜನೆಯನ್ನು ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ ಐದು ಲಕ್ಷದವರೆಗೆ ವಿಸ್ತರಿಸಿತು. ಬಡತನದ ಪ್ರಮಾಣಪತ್ರ ಇಲ್ಲದೆಯೂ ವಿಮೆ ಕೊಡಬಹುದು ಎಂದು ಅಂದು ಒಪ್ಪಿಕೊಂಡಂತಾಯಿತು. ಹಾಗಿದ್ದರೆ ಅರವತ್ತೊಂಬತ್ತರವರು ಮಾಡಿದ ಪಾಪ ಏನು, ಐವತ್ತೆಂಟರವರು ಮಾಡಿದ್ದೇನು? ಅವರು ಉಚಿತವಾಗಿ ಕೇಳುತ್ತಿಲ್ಲ. ಆರು ತಿಂಗಳು ವಾಸವಿದ್ದ ಯಾವುದೇ ಭಾರತೀಯ ಕುಟುಂಬ, ಆದಾಯಕ್ಕೆ ತಕ್ಕ ವಂತಿಗೆ ಕಟ್ಟಿ, ತಾನಿರುವ ರಾಜ್ಯದ ವಿಮೆಗೆ ಸೇರಲು ಬಿಡಬೇಕು. ಹೊಸ ರಾಜ್ಯದ ವಿಮೆ ಶುರುವಾಗುವವರೆಗೆ ಹಳೆಯ ರಾಜ್ಯದ್ದು ನಡೆಯಬೇಕು. ಎರಡಕ್ಕೂ ಬೇಕಾದ ಕಚೇರಿಗಳು ಇವೆ, ಆಧಾರ್ ಇದೆ, ದರಪಟ್ಟಿ ಇದೆ, ಖಾಸಗಿ ಆಸ್ಪತ್ರೆಗಳೊಡನೆ ಒಪ್ಪಂದಗಳಿವೆ. ಅರ್ಜಿ ನಮೂನೆಯಲ್ಲಿ ‘ಆದಾಯ ಪ್ರಮಾಣಪತ್ರ ಲಗತ್ತಿಸಿ’ ಎಂಬ ಸಾಲಿನ ಕೆಳಗೆ ‘ಅಥವಾ ವಂತಿಗೆ ಪಾವತಿಸಿದ ರಸೀದಿ’ ಎಂದು ಇನ್ನೊಂದು ಸಾಲು ಸೇರಿಸಬೇಕು.