ಒಬ್ಬೊಬ್ಬರಾಗಿ ಬಂದವರು

1983ರ ಡಿಸೆಂಬರ್ ತಿಂಗಳಿನಲ್ಲಿ ಹಾಲಿವುಡ್ಡಿನ ಪ್ಯಾಂಟೇಜಸ್ ರಂಗಮಂದಿರದಲ್ಲಿ ನಡೆದ ಕಛೇರಿಯೊಂದು ಪ್ರಾರಂಭವಾದ ಬಗೆಯೇ ವಿಲಕ್ಷಣವಾದುದು. ದೃಶ್ಯಸಜ್ಜಿಕೆ ಯಾವುದೂ ಇಲ್ಲ. ರಂಗದ ಹಿಂಗೋಡೆ ಬರಿದಾಗಿ ಕಾಣುತ್ತಿದೆ. ತೆಳ್ಳನೆಯ ಮೈಯವನೊಬ್ಬ ಕೈಯಲ್ಲಿ ಗಿಟಾರನ್ನೂ ಟೇಪ್ ರೆಕಾರ್ಡರನ್ನೂ ಹಿಡಿದು ಒಬ್ಬನೇ ನಡೆದು ಬರುತ್ತಾನೆ. ಟೇಪೊಂದನ್ನು ಕೇಳಿಸಬೇಕೆಂದಿರುವುದಾಗಿ ಹೇಳಿ, ಯಂತ್ರವನ್ನು ನೆಲದ ಮೇಲಿಟ್ಟು ಹಾಡತೊಡಗುತ್ತಾನೆ. ತಾಳ ಆ ಪೆಟ್ಟಿಗೆಯಿಂದಲೇ ಹೊಮ್ಮುವಂತೆ ತೋರುತ್ತದೆ. ನಿಜದಲ್ಲಿ ಅದು ಬೇರೊಂದು ತಾಳಯಂತ್ರದಿಂದ ಧ್ವನಿವರ್ಧಕಗಳಿಗೆ ಬರುತ್ತಿದ್ದ ಸದ್ದು. ಆದರೆ ರಂಗದ ಮೇಲೆ ಇಷ್ಟು ಸುಳ್ಳಿಗೆ ಎಡೆಯಿಲ್ಲದಿದ್ದರೆ ಹೇಗೆ?

ಹಾಡಿದಾತ ಡೇವಿಡ್ ಬರ್ನ್. ಮೇಳದ ಹೆಸರು ಟಾಕಿಂಗ್ ಹೆಡ್ಸ್. ಎರಡನೆಯ ಹಾಡಿಗೆ ಟೀನಾ ವೇಮತ್ ಬಾಸ್ ಗಿಟಾರ್ ಹಿಡಿದು ಬರುತ್ತಾಳೆ. ಅವರಿಬ್ಬರೂ ಹಾಡು ನಡೆಸುತ್ತಿರುವಾಗಲೇ ಕರಿಯ ಉಡುಪಿನ ಕೆಲಸಗಾರರು ಡ್ರಮ್ಮುಗಳ ಕಟ್ಟೆಯನ್ನು ತಳ್ಳಿಕೊಂಡು ತರುತ್ತಾರೆ. ಮೂರನೆಯದಕ್ಕೆ ಆಕೆಯ ಪತಿ ಕ್ರಿಸ್ ಫ್ರಾಂಟ್ಸ್ ಅಲ್ಲಿ ಕುಳಿತಿರುತ್ತಾನೆ. ನಾಲ್ಕನೆಯದಕ್ಕೆ ಜೆರ್ರಿ ಹ್ಯಾರಿಸನ್ ಕೂಡಿಕೊಳ್ಳುತ್ತಾನೆ. ಮುಂದಿನ ಎರಡು ಹಾಡುಗಳಲ್ಲಿ ಸಹಗಾಯಕಿಯರು, ಇನ್ನೊಬ್ಬ ತಾಳವಾದ್ಯಗಾರ, ಮತ್ತೊಬ್ಬ ಗಿಟಾರಿಗ, ಕೀಬೋರ್ಡಿಗೆ ಬರ್ನಿ ವೊರೆಲ್ — ಹೀಗೆ ಒಂಬತ್ತು ಮಂದಿ ಆಗುತ್ತಾರೆ. ಪಕ್ಕವಾದ್ಯದವರೆಲ್ಲ ಕುಳಿತು ಶ್ರುತಿ ಸೇರಿಸಿದ ಮೇಲೆಯೇ ಗಾಯಕ ಬಾಯಿ ತೆರೆಯುವ ಕಛೇರಿಗಳನ್ನು ಕಂಡವರಿಗೆ ಈ ಕ್ರಮ ತಲೆಕೆಳಗಾಗಿ ತೋರೀತು. ಇಲ್ಲಿ ಕೇಳುವವರ ಎದುರಿನಲ್ಲಿಯೇ ಮೇಳ ಕಟ್ಟಲ್ಪಡುತ್ತದೆ.

ಈ ಕಟ್ಟೋಣಕ್ಕೆ ಅರ್ಥವಿತ್ತು. ಬರ್ನ್, ಫ್ರಾಂಟ್ಸ್, ವೇಮತ್ ಮೂವರೂ ರೋಡ್ ಐಲೆಂಡಿನ ಕಲಾಶಾಲೆಯಲ್ಲಿ ಓದಿದವರು. 1975ರಲ್ಲಿ ನ್ಯೂಯಾರ್ಕಿನ ಸಿ.ಬಿ.ಜಿ.ಬಿ. ಎಂಬ ಕಿರಿದಾದ ಮದ್ಯಗೃಹದಲ್ಲಿ, ರಮೋನ್ಸ್ ಮೇಳದವರಿಗಿಂತ ಮೊದಲು ಹಾಡುವ ಅವಕಾಶ ದೊರೆತಾಗ ಮೂವರೇ ಇದ್ದರು. ಹ್ಯಾರಿಸನ್ ಸೇರಿದ್ದು 1977ರಲ್ಲಿ. ಪಂಕ್ ರಾಕ್‌ನ ಬಿರುಸಿನಿಂದ ಹುಟ್ಟಿ, ಆ ಅಬ್ಬರವನ್ನು ಬಿಟ್ಟು ಹೊಸ ಲಯಗಳ ಕುತೂಹಲವನ್ನು ಬೆಳೆಸಿಕೊಂಡ ಸಂಗೀತಕ್ಕೆ 'ನ್ಯೂ ವೇವ್' ಎಂಬ ಹೆಸರು ಬಂದಿತು. ಈ ಮೇಳದವರು ಆಫ್ರಿಕದ ಲಯವನ್ನೂ ಅಮೆರಿಕದ ಕರಿಯರ ಫಂಕ್ ಸಂಗೀತವನ್ನೂ ತಮ್ಮದಕ್ಕೆ ಬೆರೆಸಿದರು. ನಾಲ್ವರಿಂದ ಆಗದುದನ್ನು ಮಾಡಬೇಕಾಗಿ ಬಂದಾಗ ವೊರೆಲ್‌ನಂತಹ ಪಳಗಿದ ಫಂಕ್ ವಾದ್ಯಗಾರರನ್ನು ಕರೆತಂದರು. ಆದುದರಿಂದ ಹಾಲಿವುಡ್ಡಿನ ರಂಗದ ಮೇಲೆ ಕಂಡದ್ದು ಆ ಮೇಳದ ಎಂಟು ವರ್ಷಗಳ ಚರಿತ್ರೆಯೇ ಆಗಿತ್ತು.

ಜೊನಾಥನ್ ಡೆಮ್ಮಿ ಇದನ್ನು 'ಸ್ಟಾಪ್ ಮೇಕಿಂಗ್ ಸೆನ್ಸ್' ಎಂಬ ಚಿತ್ರವನ್ನಾಗಿ ಮಾಡಿದ. ಜಪಾನಿನ ನೋ ನಾಟಕಗಳಿಂದ ಪ್ರೇರಣೆ ಪಡೆದು ಬರ್ನ್ ತೊಟ್ಟ ಆ ದೊಗಳೆ ಸೂಟು ಚಿತ್ರದಷ್ಟೇ ಪ್ರಸಿದ್ಧವಾಯಿತು. ಸೂಟು ಕಣ್ಣಿಗೆ ಸೇರಿದ್ದು. ಕಿವಿಗೆ ಉಳಿದದ್ದು 1984ರಲ್ಲಿ ಹೊರಬಂದ ಧ್ವನಿಮುದ್ರಿಕೆ.

ಆ ಮುದ್ರಿಕೆ ಹಾಡುಗಾರರಿಗೆ ನ್ಯಾಯ ಸಲ್ಲಿಸಿತು, ಕಛೇರಿಗೆ ಸಲ್ಲಿಸಲಿಲ್ಲವೆನ್ನಬೇಕು. ಚಿತ್ರ 88 ನಿಮಿಷಗಳದು. ತಟ್ಟೆಯಲ್ಲಿದ್ದುದು ಒಂಬತ್ತೇ ಹಾಡು. ಮೊದಲನೆಯದು ಒಂಟಿ ಗಿಟಾರಿನ ಹಾಡೇ ಸರಿ. ಆದರೆ ಅದು ಮುಗಿಯುತ್ತಲೇ 'ಸ್ವಾಂಪ್' ಎಂಬ ಹಾಡಿನಲ್ಲಿ ಇಡೀ ಮೇಳ ಒಮ್ಮೆಗೇ ಮೇಲೆ ಬೀಳುತ್ತದೆ. ರಂಗದ ಮೇಲೆ ಅದು ಎಷ್ಟೋ ಹೊತ್ತಿನ ಮೇಲೆ ಬಂದ ಹಾಡು. ಟೀನಾ ಬಂದ ಗಳಿಗೆಯಿಲ್ಲ, ಫ್ರಾಂಟ್ಸ್ ಬಂದದ್ದಿಲ್ಲ, ಹ್ಯಾರಿಸನ್ ಸೇರಿದ್ದಿಲ್ಲ. ಮೆಟ್ಟಿಲುಗಳನ್ನು ಕಿತ್ತು ಅಟ್ಟವನ್ನು ಮಾತ್ರ ಉಳಿಸಿದಂತಾಯಿತು. ತಟ್ಟೆಯಲ್ಲಿ ಸ್ಥಳ ಸಾಲದೆಂಬ ಸಮಾಧಾನವೂ ಪೂರ್ತಿ ಒಪ್ಪುವಂತಹುದಲ್ಲ. ಇದೇ ಮೇಳ 1982ರಲ್ಲಿ ತನ್ನ ಹಳೆಯ ಕಛೇರಿಗಳನ್ನು ಜೋಡಿ ತಟ್ಟೆಗಳಲ್ಲಿ ಹೊರತಂದಿದ್ದಿತು. ಟೀನಾ ಮತ್ತು ಫ್ರಾಂಟ್ಸ್ ದಂಪತಿಗಳ ಸ್ವಂತ ಮೇಳವಾದ ಟಾಮ್ ಟಾಮ್ ಕ್ಲಬ್ಬಿನ ಹಾಡನ್ನೂ ಬಿಟ್ಟರು. ಬರ್ನ್ ಒಳಗೆ ಹೋಗಿ ಆ ಸೂಟನ್ನು ತೊಟ್ಟು ಬರುವ ತನಕ ರಂಗವನ್ನು ಹಿಡಿದು ನಿಲ್ಲಿಸಿದ ಹಾಡು ಅದೇ!

ಕಳೆದುಹೋದುದು ಬರಿಯ ಹಾಡುಗಳಾಗಿದ್ದರೆ ಇಷ್ಟು ಹೇಳಬೇಕಾದುದಿರಲಿಲ್ಲ. 1984ರಲ್ಲಿ ಆ ಪ್ರವಾಸ ಮುಗಿದ ಮೇಲೆ ಮೇಳದವರು ಮತ್ತೆಂದೂ ಪ್ರವಾಸ ಹೊರಡಲಿಲ್ಲ. ಮೂರು ಮುದ್ರಿಕೆಗಳು ಬಂದವು. 1991ರಲ್ಲಿ ಮೇಳ ಮುರಿಯಿತು. ಆ ಸುದ್ದಿ ತಮಗೆ ವೃತ್ತಪತ್ರಿಕೆಯಿಂದ ತಿಳಿಯಿತೆಂದು ಫ್ರಾಂಟ್ಸ್ ಹೇಳಿದ್ದುಂಟು. 1996ರಲ್ಲಿ ಉಳಿದ ಮೂವರು 'ದಿ ಹೆಡ್ಸ್' ಎಂಬ ಹೆಸರಿನಲ್ಲಿ ಮುದ್ರಿಕೆ ತರಹೊರಟಾಗ ಬರ್ನ್ ನ್ಯಾಯಾಲಯದ ಮೆಟ್ಟಿಲೇರಿದ. 2002ರಲ್ಲಿ ಗೌರವವೊಂದನ್ನು ಸ್ವೀಕರಿಸುವಾಗ ಒಂದು ಸಂಜೆ ನಾಲ್ವರೂ ಕೂಡಿ ನುಡಿಸಿದರು, ಮತ್ತೆ ಮೌನ. ಒಬ್ಬರನ್ನೊಬ್ಬರು ಕೂಡಿಕೊಂಡು ಬಂದ ಆ ರಾತ್ರಿಗಳ ಕ್ರಮವೇ ಅವರ ಸ್ನೇಹಕ್ಕೆ ಉಳಿದ ಸಾಕ್ಷಿಯಾಗಿರುವಾಗ, ಅದನ್ನೇ ಕತ್ತರಿಸಿ ಮಾರಿದ್ದು ಸಣ್ಣ ನಷ್ಟವಲ್ಲ.

1999ರಲ್ಲಿ ಹದಿನಾರು ಹಾಡುಗಳು ರಂಗದ ಕ್ರಮದಲ್ಲಿಯೇ ಮರಳಿ ಬಂದವು. 2023ರಲ್ಲಿ, ಚಿತ್ರದ ಹೊಸ ಪ್ರತಿಯೊಡನೆ, ಹದಿನೆಂಟಾದವು. ಆ ವರ್ಷ ಟೊರಾಂಟೊ ಚಿತ್ರೋತ್ಸವದಲ್ಲಿ ನಾಲ್ವರೂ ಒಂದೇ ವೇದಿಕೆಯಲ್ಲಿ ಕುಳಿತು ಹಳೆಯದನ್ನು ನೆನೆದರು, ಹಾಡಲಿಲ್ಲ. ಡೆಮ್ಮಿ ಆ ವೇಳೆಗೆ ತೀರಿಕೊಂಡಿದ್ದ, ವೊರೆಲ್ ಕೂಡ.

ಈಗ ಕೇಳಹೊರಟವರು 2023ರ ಮುದ್ರಿಕೆಯನ್ನೇ ಆರಿಸಿಕೊಳ್ಳುವುದು ಲೇಸು. ಮೊದಲ ಆರು ಹಾಡುಗಳನ್ನು ನಡುವೆ ಏಳದೆ, ಒಂದೇ ಬೈಠಕ್ಕಿನಲ್ಲಿ ಕೇಳಬೇಕು. ಎರಡನೆಯ ಹಾಡಿನಲ್ಲಿ ಬಾಸ್ ಗಿಟಾರ್ ಮೆಲ್ಲನೆ ಬಂದು ಸೇರುವ ಕಡೆಗೆ ಕಿವಿಗೊಟ್ಟಿದ್ದರೆ ಸಾಕು, ಉಳಿದವರ ಆಗಮನ ತಾನೇ ತಿಳಿಯುತ್ತದೆ.