ಬರೆದಿಡದ ಆಶ್ರಯ



ನಿರಾಶ್ರಿತರ ಕಾನೂನಿನ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ‘ಟಿಬೆಟಿಯನ್ನರನ್ನು ಅರವತ್ತು ವರ್ಷ ಕಾನೂನಿಲ್ಲದೆಯೇ ಚೆನ್ನಾಗಿ ನೋಡಿಕೊಂಡಿದ್ದೇವಲ್ಲ, ಈಗೇಕೆ ಬೇಕು?’ ಕುಶಾಲನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಾನು ಇದನ್ನು ಒಪ್ಪುವುದಿಲ್ಲ.

ನೋಡಿಕೊಂಡದ್ದು ನಿಜ. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಅವರು ಕಾಡು ಸವರಿ ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಸೀಮೆಯಲ್ಲೂ ನೆಲೆಯಾಯಿತು. ಆದರೆ ಅವರ ಆರ್‌ಸಿ (ವಿದೇಶಿಯರ ನೋಂದಣಿ) ಪುಸ್ತಕವನ್ನು ನೋಡಿದವರೆಷ್ಟು ಜನ? ಇಲ್ಲೇ ಹುಟ್ಟಿ, ಕನ್ನಡದಲ್ಲೇ ಚೌಕಾಸಿ ಮಾಡುವವರೂ ಅದರಲ್ಲಿ ವಿದೇಶಿಯರು. ನವೀಕರಣದ ಮುದ್ರೆ ಬಿದ್ದ ಪುಟಗಳನ್ನು ಒಂದೊಂದಾಗಿ ನನ್ನಲ್ಲಿ ಜೆರಾಕ್ಸ್ ಮಾಡಿಸುತ್ತಾರೆ. (ವ್ಯಾಪಾರ ನನಗೇ, ಆದರೂ ಹೇಳುತ್ತಿದ್ದೇನೆ.)

ಒಮ್ಮೆ ಅಕ್ಕ, ತಮ್ಮ ಒಟ್ಟಿಗೆ ಬಂದಿದ್ದರು. ಅಪ್ಪ ಅಮ್ಮ ಟಿಬೆಟ್‌ನಿಂದ ಬಂದವರು. ಅಕ್ಕ 1986ರಲ್ಲಿ ಹುಟ್ಟಿದವಳು, ತಮ್ಮ 1988ರಲ್ಲಿ, ಇಬ್ಬರೂ ಬೈಲಕುಪ್ಪೆಯಲ್ಲೇ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಹಾಗಾಗಿ ಅಕ್ಕ ನಮ್ಮವಳು, ತಮ್ಮ ವಿದೇಶಿ. ಕಾಯ್ದೆಯಲ್ಲಿ ಬರೆದಿದ್ದ ಆ ಹಕ್ಕಿಗೂ ಟಿಬೆಟಿಯನ್ನರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟವು. ಬರೆದದ್ದಕ್ಕೇ ಈ ಪಾಡಾದರೆ, ಬರೆಯದೇ ಇರುವುದನ್ನು ಯಾವ ಕೋರ್ಟಿನಲ್ಲಿ ಕೇಳುವುದು?

1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಕದಿದ್ದರೆ ಬೇಡ, ನಮ್ಮದೇ ಒಂದು ಕಾಯ್ದೆಯಾದರೂ ಇರಬೇಕಿತ್ತು. ಅದೂ ಇಲ್ಲ. ಟಿಬೆಟಿಯನ್ನರಿಗೆ ಒಂದು ನೀತಿ, ಶ್ರೀಲಂಕಾ ತಮಿಳರಿಗೆ ಇನ್ನೊಂದು. 2019ರ ಪೌರತ್ವ ತಿದ್ದುಪಡಿಯಲ್ಲಿ ಇವರಿಬ್ಬರಿಗೂ ಜಾಗವಿಲ್ಲ. ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನದ ಆರು ಧರ್ಮದವರಿಗೆ ಮಾತ್ರ. 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಲಂಕಾ ತಮಿಳರಿಗೆ ವಿದೇಶಿಯರ ಹೊಸ ಕಾಯ್ದೆಯ ಶಿಕ್ಷೆಯಿಂದ ಕೇಂದ್ರ 2025ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿ ಕೊಟ್ಟಿತು. ಸಂತೋಷ. ಆದರೆ ಅದೂ ಒಂದು ಆದೇಶ. ಇನ್ನೊಂದು ಆದೇಶ ಬಂದರೆ ಅದು ಹೋಯಿತು.

ಕಾನೂನು ಮಾಡಿದರೆ ಗಡಿಯನ್ನೇ ತೆರೆದಿಟ್ಟಂತೆ ಎಂದು ಹೆದರಿಸುವವರಿದ್ದಾರೆ. ಆಶ್ರಯ ಯಾರಿಗುಂಟು, ಯಾರಿಗಿಲ್ಲ, ಅರ್ಜಿ ವಿಚಾರಿಸುವವರು ಯಾರು, ತಿರಸ್ಕರಿಸಿದರೆ ಮೇಲ್ಮನವಿ ಎಲ್ಲಿಗೆ ಎಂದು ಗೆರೆ ಎಳೆಯುವುದೇ ಕಾನೂನಿನ ಕೆಲಸ. ‘ಇಲ್ಲ, ಹೋಗು’ ಎನ್ನಬೇಕಾದರೂ ಒಂದು ಕ್ರಮ ಬೇಕಲ್ಲ!

ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಸದಸ್ಯರಾಗಿ ಆಶ್ರಯ ಮಸೂದೆ ಮಂಡಿಸಿದ್ದರು. ಖಾಸಗಿ ಮಸೂದೆಗಳ ಗತಿ ಗೊತ್ತಿದ್ದದ್ದೇ. ಇದನ್ನು ಸರ್ಕಾರವೇ ತರಬೇಕು. ಇಷ್ಟು ಟಿಬೆಟಿಯನ್ ಶಿಬಿರಗಳಿರುವ ರಾಜ್ಯದ ಸಂಸದರು, ಪಕ್ಷ ಯಾವುದೇ ಇರಲಿ, ಮುಂದಿನ ಅಧಿವೇಶನದಲ್ಲಿ ಇದಕ್ಕಾಗಿ ಒಂದು ಪ್ರಶ್ನೆಯನ್ನಾದರೂ ಎತ್ತಲಿ.

— ಓರ್ವ ಓದುಗ, ಕುಶಾಲನಗರ